ಭಾವನವರ ಮುಳ್ಳು ಸೂರು

ಯಾರ ಮನೆಗೆ ಹೋದರೂ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವಳೇ ನಾನು ಮೊದಲು ಮೇಲೆ ನೋಡುತ್ತೇನೆ. ಮನೆಯವರ ಮುಖ ನೋಡುವುದು ಆಮೇಲೆ. ಇದು ಒಳ್ಳೆಯ ಅಭ್ಯಾಸವಲ್ಲ ಎಂದು ನನಗೂ ಗೊತ್ತು. ಮೊನ್ನೆ ನಂಜನಗೂಡಿನ ಪಕ್ಕದೂರು ಚಿಕ್ಕಯ್ಯನಛತ್ರದಲ್ಲಿ ನಮ್ಮ ಚಿಕ್ಕಪ್ಪನ ಮಗಳು ಹೊಸ ಮನೆ ಕಟ್ಟಿಸಿ ಊಟಕ್ಕೆ ಕರೆದಿದ್ದಳು. "ಫ್ಯಾನು ಚೆನ್ನಾಗದಾ ಅಕ್ಕ? ಮೈಸೂರಿಂದ ತಂದದ್ದು" ಎಂದು ಕೇಳಿದಳು. ನಾನು ಫ್ಯಾನು ನೋಡಿರಲೇ ಇಲ್ಲ. ಅದನ್ನು ನೇತುಹಾಕಿದ ಕೊಕ್ಕೆಯ ಸುತ್ತ ಕೂದಲೆಳೆಯಷ್ಟು ಬಿರುಕಿತ್ತು, ಅದನ್ನು ನೋಡುತ್ತಿದ್ದೆ. ಕುರ್ಚಿಯನ್ನು ಗೋಡೆಯ ಪಕ್ಕಕ್ಕೆ ಎಳೆದುಕೊಂಡು ಕೂತೆ. ಅವಳಿಗೆ ಬೇಜಾರಾಯಿತು. ಆಗಲಿ. ಬೇಜಾರಿನಿಂದ ಯಾರ ತಲೆಯೂ ಒಡೆಯುವುದಿಲ್ಲ.

ವಯಸ್ಸಾದಂತೆ ಸಿಟ್ಟು ಇಳಿಯುತ್ತದೆ ಎನ್ನುತ್ತಾರೆ. ಹಾಗೆ ಹೇಳಿದವರು ಯಾರಾದರೂ ಸಿಕ್ಕರೆ ಕೇಳಬೇಕು, ಎಷ್ಟು ವಯಸ್ಸಾಗಬೇಕು ಅಂತ. ನನ್ನದಂತೂ ಇಳಿದಿಲ್ಲ. ನೀರು ಹಾಕಿದ ಸಿಮೆಂಟಿನ ಹಾಗೆ ದಿನ ಕಳೆದಷ್ಟೂ ಗಟ್ಟಿಯಾಗಿದೆ. ಸಿಮೆಂಟಿನ ಮಾತೇ ನನ್ನ ಬಾಯಿಗೆ ಬರುವುದಕ್ಕೆ ಕಾರಣವಿದೆ. ನನ್ನ ಭಾವ, ಎಂದರೆ ನನ್ನ ಯಜಮಾನರ ಅಣ್ಣ ಶಿವನಂಜಪ್ಪನವರು, ನಂಜನಗೂಡಿನಲ್ಲಿ ಸಿಮೆಂಟು ಕಬ್ಬಿಣದ ಅಂಗಡಿ ಇಟ್ಟವರು. ನಮ್ಮವರು ಅದೇ ಅಂಗಡಿಯಲ್ಲಿ ಅಣ್ಣನ ಪಕ್ಕ ಕೂರುವವರು. ನಾನು ತಿರುಮಕೂಡಲು ನರಸೀಪುರದ ಒಂದು ಹೈಸ್ಕೂಲಿನಲ್ಲಿ ಹೊಲಿಗೆ ಟೀಚರು.

ನಾನು ಹುಟ್ಟಿ ಬೆಳೆದದ್ದು ಸೋಮನಾಥಪುರದಲ್ಲಿ. ನಮ್ಮಪ್ಪನದು ಬೇಸಾಯ, ನಾಡಹೆಂಚಿನ ಮನೆ. ಮಳೆ ಬಂದರೆ ಸೋರುತ್ತಿತ್ತು. ಸೋರಿದ ಕಡೆ ಅವ್ವ ಪಾತ್ರೆ ಇಡುತ್ತಿದ್ದಳು, ಮಾರನೆಯ ದಿನ ಅಪ್ಪ ಮೇಲೆ ಹತ್ತಿ ಹೆಂಚು ಕೈಯಾಡಿಸಿ ಸರಿಮಾಡುತ್ತಿದ್ದ. ಸೋರುವುದನ್ನು ನಮ್ಮ ಮನೆಯಲ್ಲಿ ಯಾರೂ ಮುಚ್ಚಿಡುತ್ತಿರಲಿಲ್ಲ. "ನಿಮ್ಮನೇಲಿ ಎಷ್ಟ್ ಕಡೆ ಸೋರ್ತು?" ಎಂದು ಬೀದಿಯವರೆಲ್ಲ ಒಬ್ಬರನ್ನೊಬ್ಬರು ಕೇಳುತ್ತಿದ್ದರು, ಮಗಳ ಬಾಣಂತನ ವಿಚಾರಿಸಿದ ಹಾಗೆ.

ಬೇಸಿಗೆಯಲ್ಲಿ ಮಧ್ಯಾಹ್ನ ನಾವು ಹುಡುಗಿಯರು ಗುಡಿಗೆ ಹೋಗಿ ತಣ್ಣಗಿನ ಕಲ್ಲಿನ ಮೇಲೆ ಅಂಗಾತ ಮಲಗುತ್ತಿದ್ದೆವು. ಮೇಲೆ ನೋಡಿದರೆ ಅಂಕಣಕ್ಕೊಂದು ಬಗೆಯ ಕೆತ್ತನೆ. "ಬಾಳೆಮೂತಿ ನಂದು, ತಾವರೆ ನಿಂದು" ಎಂದು ಹಂಚಿಕೊಳ್ಳುತ್ತಿದ್ದೆವು. ಕಾವಲಿನ ತಾತ ಬಂದು "ಏಳ್ರವ್ವ ಮ್ಯಾಲಕ್ಕೆ, ಬೆನ್ಗೆ ಥಂಡಿ ಇಡೀತದೆ" ಎಂದು ಗದರುವವರೆಗೂ ಅವು ನಮ್ಮವೇ. ಆ ಕಲ್ಲು ನಮ್ಮ ಮೇಲೆ ಬೀಳಬಹುದು ಎಂಬ ಯೋಚನೆ ಒಂದು ದಿನವಾದರೂ ಬಂದಿದ್ದರೆ ಕೇಳಿ. ಸೂರು ಎಂದ ಮೇಲೆ ಮೇಲೆಯೇ ಇರುತ್ತದೆ ಎಂದು ನಂಬಿ ಬೆಳೆದವಳು ನಾನು.

ತೊಂಬತ್ತರ ದಶಕದ ಮೊದಲಲ್ಲಿ ನನ್ನನ್ನು ನೋಡಲು ನಂಜನಗೂಡಿನಿಂದ ಬಂದರು. ಗಂಡು, ಅವರಣ್ಣ ಶಿವನಂಜಪ್ಪ, ಅಣ್ಣನ ಹೆಂಡತಿ ದಾಕ್ಷಾಯಿಣಿ. ಕೇಸರಿಬಾತು ತಿಂದು ಕೈ ತೊಳೆದ ಭಾವ, "ಇಷ್ಟ್ ದೂರ ಬಂದಿವಿ, ಗುಡಿ ನೋಡ್ಕಂಡೇ ಓಗವಾ" ಎಂದರು. ಅಪ್ಪ ಎಲ್ಲರನ್ನೂ ಕರೆದುಕೊಂಡು ಹೊರಟ. ಹೆಣ್ಣು ನಾನೂ ಸೀರೆ ಸೆರಗು ಹಿಡಿದುಕೊಂಡು ಹಿಂದೆ ನಡೆದೆ. ಭಾವ ಗುಡಿಯೊಳಗೆ ಹೋಗಿ ತಲೆ ಎತ್ತಿದವರು ಇಳಿಸಲೇ ಇಲ್ಲ. ದೇವರನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಬಾಳೆಮೂತಿಯ ಕೆಳಗೆ ನಿಂತು, "ಕಲ್ಲಲ್ಲೇ ಇಂಗ್ ಮಾಡವ್ರಲ್ಲ ಸ್ವಾಮಿ, ನಾವ್ ಸಿಮೆಂಟಲ್ಲಿ ಮಾಡಕಾಗಲ್ವಾ?" ಎಂದರು. ತಮಾಷೆ ಎಂದುಕೊಂಡು ಅಪ್ಪ ನಕ್ಕ. ವಾಪಸು ಮನೆಗೆ ಬರುವಷ್ಟರಲ್ಲಿ ಭಾವನ ಕುತ್ತಿಗೆ ಹಿಡಿದುಕೊಂಡಿತ್ತು. ಅವ್ವ ಹರಳೆಣ್ಣೆ ಬಿಸಿ ಮಾಡಿ ಕೊಟ್ಟಳು.

ಬಸ್ಸಿನಲ್ಲಿ ದಾಕ್ಷಾಯಿಣಕ್ಕ "ಎಂಗದೆ?" ಎಂದು ಕೇಳಿದ್ದಕ್ಕೆ ಭಾವ "ಬೋ ಚೆಂದಾಗದೆ" ಅಂದರಂತೆ. ಅಕ್ಕ ಕೇಳಿದ್ದು ಹೆಣ್ಣಿನ ಬಗ್ಗೆ, ಅವರು ಸೂರಿನ ಮಾತು ಹೇಳಿದ್ದು. ಹಾಗೆ ನನ್ನ ಮದುವೆ ನಿಶ್ಚಯವಾಯಿತು.

ನಂಜನಗೂಡಿನಲ್ಲಿ ಆಗ ಭಾವ ಹೊಸ ಮನೆ ಕಟ್ಟಿಸುತ್ತಿದ್ದರು. ಅವರ ಕೆಲಸವೆಲ್ಲ ಕೆಂಪಣ್ಣ ಮೇಸ್ತ್ರಿಯದು. ಈ ಕೆಂಪಣ್ಣ ಭಾವ ಏನು ಹೇಳಿದರೂ "ಆಯ್ತದೆ ಸಾವ್ಕಾರ್ರೆ" ಎನ್ನುವ ಮನುಷ್ಯ. ಕಪಿಲೆಯನ್ನು ಮಹಡಿ ಮೇಲೆ ಹರಿಸು ಎಂದಿದ್ದರೂ "ಆಯ್ತದೆ" ಎನ್ನುತ್ತಿದ್ದ. ಮುಂದಿನ ದೊಡ್ಡ ಕೋಣೆ, ಹಾಲಿನ ಸೂರಿಗೆ ನುಣ್ಣಗೆ ಗಾರೆ ಬಳಿದ ಮೇಲೆ, ಅದರ ಮೇಲೆ ಇನ್ನೊಂದು ದಪ್ಪ ಕೋಟು ಮೆತ್ತಿ, ಹಲಗೆ ಒತ್ತಿ ಒತ್ತಿ ಕಿತ್ತ. ಹಲಗೆ ಕಿತ್ತಾಗಲೆಲ್ಲ ಗಾರೆ ಮೊನೆ ಮೊನೆಯಾಗಿ ಕೆಳಗೆ ಎಳೆದುಕೊಂಡು ನಿಂತಿತು. ಇಡೀ ಹಾಲು ಹಲಸಿನ ಹಣ್ಣಿನ ಸಿಪ್ಪೆಯನ್ನು ಬೋರಲು ಹಾಕಿದ ಹಾಗಾಯಿತು. ಅದಕ್ಕೆ ತಿಳಿ ಹಸಿರು ಬಣ್ಣ, ಮೊನೆಗಳ ತುದಿಗೆ ಚಿನ್ನದ ಬಣ್ಣ. ನಾನು ಮದುವೆಯಾಗಿ ಹೊಸ್ತಿಲ ಮೇಲಿನ ಅಕ್ಕಿ ಸೇರು ಒದ್ದು ಒಳಗೆ ಬಂದಾಗ ಭಾವ ಮೇಲೆ ಕೈ ತೋರಿಸಿ, "ನೋಡವ್ವ ಮಂಗಳಾ, ನಿಮ್ಮೂರ್ನೇ ತಂದ್ ಮಡಗಿವ್ನಿ" ಎಂದರು. ಹೊಸ ಸೊಸೆ, ಏನು ಹೇಳಲಿ? ತಲೆಯಾಡಿಸಿದೆ. ನಮ್ಮೂರಿನ ಶಿಲ್ಪಿಗಳು ಎಲ್ಲಿದ್ದರೂ ಸಾಲಾಗಿ ನಿಂತು ಶಾಪ ಹಾಕಿರುತ್ತಾರೆ.

ಆ ಹಾಲು ಮನೆಯ ಹಾಲಾಗಿರಲಿಲ್ಲ, ಅಂಗಡಿಯ ಇನ್ನೊಂದು ಕೋಣೆಯಾಗಿತ್ತು. ಮನೆ ಕಟ್ಟಿಸುವ ಗಿರಾಕಿ ಬಂದರೆ ಭಾವ ಅವರನ್ನು ಕರೆತಂದು ನಡುವೆ ನಿಲ್ಲಿಸಿ ಮೇಲೆ ನೋಡಿಸುವರು. ಒಳಗಿನಿಂದ ಅಕ್ಕ ಕಾಫಿ ತರಬೇಕು. ಗಿರಾಕಿ ಬಾಯಿ ತೆರೆದು ನೋಡುವನು. ಬಾಯಿ ತೆರೆದದ್ದು ಮೆಚ್ಚಿಯೋ, ತಲೆ ಹಿಂದಕ್ಕೆ ಹಾಕಿದರೆ ಯಾರ ಬಾಯಾದರೂ ತೆರೆಯುತ್ತದೆ ಅಂತಲೋ, ದೇವರಿಗೇ ಗೊತ್ತು.

ಅದನ್ನು ಗುಡಿಸುವ ಕೆಲಸ ಮಾತ್ರ ಯಾವ ಗಿರಾಕಿಗೂ ತೋರಿಸಲಿಲ್ಲ. ಜೇಡಗಳಿಗೆ ಅಂಥ ಅರಮನೆ ಎಲ್ಲಿ ಸಿಗಬೇಕು? ಪೊರಕೆ ಆಡಿಸಿದರೆ ಪೊರಕೆಯ ಕಡ್ಡಿಯೇ ಮೊನೆಗೆ ಸಿಕ್ಕಿಕೊಂಡು ನೇತಾಡುತ್ತಿತ್ತು. ಗಳದ ತುದಿಗೆ ಬಟ್ಟೆ ಸುತ್ತಿ ಒರೆಸಿದರೆ ಬಟ್ಟೆ ಅಲ್ಲೇ ಉಳಿಯುತ್ತಿತ್ತು, ಗಳ ಬರಿಗೈಯಲ್ಲಿ ಇಳಿಯುತ್ತಿತ್ತು. ಹಬ್ಬ ಬಂತೆಂದರೆ ಅಕ್ಕ ತಲೆಗೆ ಪ್ಲಾಸ್ಟಿಕ್ ಕವರು ಕಟ್ಟಿಕೊಂಡು ಸ್ಟೂಲು ಹತ್ತುವಳು, ನಾನು ಸ್ಟೂಲು ಹಿಡಿದುಕೊಳ್ಳುವೆ. ಇಬ್ಬರ ಕಣ್ಣಿಗೂ ಧೂಳು. "ಇದ ಮಾಡ್ಸಿದೋರ್ ಕೈಗೇ ಪೊರಕೆ ಕೊಡಬೇಕು ಕಣೆ" ಎಂದು ಅಕ್ಕ ಬೈಯುವಳು, ಆದರೆ ಮೆಲ್ಲಗೆ. ಅವಳ ಮಗಳು ಸೌಮ್ಯಳ ಹುಟ್ಟುಹಬ್ಬಕ್ಕೆ ಊದಿದ ಬಲೂನು ಮೇಲೆಸೆದರೆ ಟಪ್ಪೆಂದು ಒಡೆಯುತ್ತಿತ್ತು. ಆ ಹುಡುಗಿ ಬಲೂನನ್ನು ನೆಲದ ಮೇಲೆ ಉರುಳಿಸುವ ಆಟ ಎಂದುಕೊಂಡೇ ದೊಡ್ಡವಳಾದಳು.

ಹಾಲಿನ ಮೇಲೆ ಮಹಡಿಯಲ್ಲಿ ಭಾವ ಒಂದು ಬಚ್ಚಲು ಕಟ್ಟಿಸಿದ್ದರು. ಕೆಲವು ವರ್ಷಕ್ಕೆ ಅದರ ನೀರು ಕೆಳಗೆ ಇಂಗಲು ಶುರುವಾಯಿತು. ಹಸಿರು ಬಣ್ಣದ ನಡುವೆ ಕಂದು ಮಚ್ಚೆ ಮೂಡಿತು. ಮೊದಲು ಕಂಡವಳು ಅಕ್ಕ. ಕಿಟಕಿಯ ಬೆಳಕು ಚೆನ್ನಾಗಿ ಬೀಳುವ ಜಾಗ ಅದೇ ಆದ್ದರಿಂದ ಅವಳು ಅಕ್ಕಿ ಆರಿಸುವುದು, ಹೂ ಕಟ್ಟುವುದು ಎಲ್ಲ ಅದರ ಕೆಳಗೇ ಕೂತು. ಭಾವನಿಗೆ ಹೇಳಿದಳು.

"ಅದು ಬಣ್ಣುದ್ ತೊಂದ್ರೆ" ಎಂದರು ಭಾವ.

ಕೆಂಪಣ್ಣ ಬಂದು ನೋಡಿ, "ಒಂದ್ ಕೋಟ್ ಒಡುದ್ರೆ ಮುಚ್ಚೋಯ್ತದೆ ಸಾವ್ಕಾರ್ರೆ" ಎಂದ. ಬಣ್ಣ ಬಳಿದ. ಮುಚ್ಚಿಹೋಯಿತು. ಮುಂದಿನ ವರ್ಷ ಮಚ್ಚೆ ಇನ್ನೂ ದೊಡ್ಡದಾಗಿ ಬಂತು, ಮೊನೆಗಳು ಉದುರತೊಡಗಿದವು. ಕಾಫಿ ಲೋಟದಲ್ಲಿ ಗರಗರ ಮರಳು. ಹೂವಿನ ಬುಟ್ಟಿಯಲ್ಲಿ ಚಿನ್ನದ ಬಣ್ಣದ ಚೂರು. ಬಚ್ಚಲು ಒಡೆಸಿ, ಸೂರು ಕೆತ್ತಿಸಿ ಎಂದು ಅಕ್ಕ ಹೇಳಿದಳು, ನಾನು ಹೇಳಿದೆ. ಭಾವ ಹೇಳಿದ್ದು ಏನು ಗೊತ್ತೆ? "ಸಿಮೆಂಟ್ ಮಾರೋನ್ ಮನೆ ಸೂರೇ ಉದುರ್ತದೆ ಅಂತ ಊರೆಲ್ಲಾ ಸಾರಿಸ್ಬೇಕಾ? ಲೋಟ ಮುಚ್ಕಂಡ್ ಕುಡೀರಿ."

ನರಸೀಪುರದಿಂದ ಸಂಜೆ ಬಸ್ಸಿನಲ್ಲಿ ಬರುವಾಗ ನಾನು ಹುಲಿ. ಭಾವನಿಗೆ ಹೇಳಬೇಕಾದ್ದನ್ನೆಲ್ಲ ಒಂದು ಮಾತು ಬಿಡದೆ ಮನಸ್ಸಿನಲ್ಲಿ ಒಪ್ಪವಾಗಿ ಹೇಳುತ್ತಿದ್ದೆ. ಒಮ್ಮೆ ಕಂಡಕ್ಟರು, "ಯಾಕ್ ಮೇಡಂ, ನಂಗ್ ಬಯ್ತಿದ್ದೀರಾ?" ಎಂದು ಕೇಳಿದ್ದ, ಅಷ್ಟು ಜೋರಾಗಿ ತುಟಿ ಆಡಿಸುತ್ತಿದ್ದೆನಂತೆ. ಆದರೆ ನಂಜನಗೂಡಿನಲ್ಲಿ ಇಳಿದು ಮನೆ ಹೊಸ್ತಿಲು ದಾಟಿದ ಮೇಲೆ ಬಾಯಿಂದ ಬರುತ್ತಿದ್ದದ್ದು "ಕಾಫಿ ಆಯ್ತಾ ಅಕ್ಕ?" ಮಾತ್ರ. ನಮ್ಮವರಂತೂ ಅಣ್ಣ ಇದ್ದ ಕಡೆ ಕೆಮ್ಮುವುದಕ್ಕೂ ಹೊರಗೆ ಹೋಗುವ ಜನ. ನಾವಿಬ್ಬರೇ ಇದ್ದಾಗ ಹೇಳಿದರೆ, "ಅಣ್ಣುನ್ಗೆ ಗೊತ್ತಿಲ್ವಾ ಬುಡು" ಎನ್ನುತ್ತಿದ್ದರು. ಗೊತ್ತಿದ್ದದ್ದೇ ಅಲ್ಲವೇ ನನ್ನ ಸಿಟ್ಟಿಗೆ ಕಾರಣ! ಗೊತ್ತಿಲ್ಲದವರ ಮೇಲೆ ಯಾರು ಸಿಟ್ಟು ಮಾಡಿಕೊಳ್ಳುತ್ತಾರೆ?

ಸೌಮ್ಯಳಿಗೆ ಗಂಡು ನೋಡುವ ಕಾಲ ಬಂತು. ತಗಡೂರಿನಿಂದ ಒಳ್ಳೆಯ ಮನೆತನದವರು ಬರುತ್ತಾರೆಂದು ಗೊತ್ತಾಯಿತು. ಭಾವ ನನ್ನನ್ನು ಕರೆದರು.

"ಮಂಗಳಾ, ನೀನ್ ಒಲ್ಗೆ ಕಲ್ತೋಳು. ಈ ಸೂರ್ಗೆ ಅಡ್ಡವಾಗಿ ಒಂದ್ ಬಟ್ಟೆ ಒಲ್ದ್ ಕೊಡವ್ವ. ಮದ್ವೆ ಮಂಟಪದಲ್ಲಿ ಮೇಲ್ಕಟ್ಟು ಕಟ್ಟಲ್ವಾ, ಅಂಗೆ. ಜರಿ ಅಂಚಿರ್ಲಿ."

ಸೂರಿಗೆ ಲಂಗ ಹೊಲಿಯಬೇಕಿತ್ತು ನಾನು! ಆ ದಿನ ಮಾತ್ರ ಬಸ್ಸಿನ ಹುಲಿ ಸ್ವಲ್ಪ ಹೊರಗೆ ಬಂತು. "ಬಟ್ಟೆ ಯಾಕ್ ಭಾವ, ಮೊದ್ಲು ಅದನ್ನ ಕೆತ್ತಿಸಿ" ಎಂದೆ. ಅವರು, "ಬೀಗ್ರು ಬಂದ್ ಓಗ್ಲಿ, ಮಾರ್ನೇ ದಿನಾನೇ ಕೆತ್ತಿಸ್ತೀನಿ, ನಂಜುಂಡಪ್ಪನಾಣೆ" ಎಂದರು. ಹೆಣ್ಣು ಹುಡುಗಿಯ ವಿಷಯ. ಹೊಲಿದುಕೊಟ್ಟೆ. ಕ್ರೀಮ್ ಬಣ್ಣದ ಬಟ್ಟೆ, ಸುತ್ತ ಜರಿ. ನೋಡಲು ಚೆನ್ನಾಗಿಯೇ ಇತ್ತು ಎಂಬುದು ಇನ್ನೊಂದು ಹೊಟ್ಟೆಯುರಿ.

ಗಂಡಿನ ಕಡೆಯವರು ಬಂದು ಕೂತರು. ಸೌಮ್ಯ ಕಾಫಿ ತಟ್ಟೆ ಹಿಡಿದು ಹೊರಗೆ ಬರುವ ಹೊತ್ತಿಗೇ ಮೇಲೆ ಟಪಟಪ ಎಂದಿತು. ಬಟ್ಟೆ ಒಂದು ಕಡೆ ಎಮ್ಮೆಯ ಕೆಚ್ಚಲಿನ ಹಾಗೆ ಜೋತಿತು. ಗಂಡಿನ ತಾಯಿ ಮೇಲೆ ನೋಡಿ, "ಏನವ್ವ ಅದು?" ಎಂದರು.

"ಇಲಿ" ಎಂದರು ಭಾವ.

ಮನೆಯಲ್ಲಿ ಇಲಿ ಓಡಾಡುತ್ತದೆ ಎಂದು ಬೀಗರ ಮುಂದೆ ಒಪ್ಪಿಕೊಂಡಾರು, ಸೂರು ಉದುರುತ್ತದೆ ಎಂದು ಒಪ್ಪರು! ಆ ತಾಯಿ ಒಳ್ಳೆಯವರು. "ಬೆಕ್ಕ ಸಾಕ್ಕಳಿ" ಎಂದು ಕಾಫಿ ಕುಡಿದರು. ಸಂಬಂಧ ಕುದುರಿತು.

ಮಾರನೆಯ ದಿನ ಯಾರೂ ಏನನ್ನೂ ಕೆತ್ತಲಿಲ್ಲ. ಆಮೇಲೆ ಒಂದು ದಿನ ಕೆಂಪಣ್ಣ ಬಂದು ನನ್ನ ಬಟ್ಟೆ ಬಿಚ್ಚಿ, ಮರದ ಪಟ್ಟಿ ಹೊಡೆದು, ಅದರ ಮೇಲೆ ಬಿಳಿ ಥರ್ಮಾಕೋಲ್ ಹಲಗೆ ಕೂರಿಸಿದ. ಈಗ ಮಚ್ಚೆಯೂ ಕಾಣದು, ಬಿರುಕೂ ಕಾಣದು. ಮೊದಲು ಏನು ಬೀಳುತ್ತದೆ ಎಂದು ನೋಡಿಯಾದರೂ ಪಕ್ಕಕ್ಕೆ ಸರಿಯುತ್ತಿದ್ದೆವು. "ಆಣೆ ಮಾಡಿದ್ರಲ್ಲ ಭಾವ" ಎಂದು ಕೇಳಿದೆ. "ಕಾಣಾದೇ ಇಲ್ಲ, ಇನ್ನೇನು ಕೆತ್ತಾದು?" ಎಂದರು. ಈ ಮಾತು ನೆನೆದರೆ ಇವತ್ತಿಗೂ ನನ್ನ ಕಿವಿ ಬಿಸಿಯಾಗುತ್ತದೆ.

ಅವರೆಕಾಯಿ ಕಾಲ. ಅಕ್ಕ ಎಂದಿನಂತೆ ಕಿಟಕಿಯ ಬೆಳಕಿಗೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಾನು ಸ್ಕೂಲಿನಲ್ಲಿದ್ದೆ. ಸಂಜೆ ಮನೆಗೆ ಬಂದರೆ ಹಾಲಿನ ನೆಲ ಒದ್ದೆ ಒದ್ದೆ, ಆಗತಾನೆ ಸಾರಿಸಿದ ಹಾಗಿತ್ತು. ಮೇಲೆ ಕೆಂಪಣ್ಣ ಹೊಸ ಥರ್ಮಾಕೋಲ್ ಕೂರಿಸುತ್ತಿದ್ದ. ಅಕ್ಕ ಎಲ್ಲಿ ಎಂದು ಕೇಳಿದೆ. ಅವನು ಕೆಳಗೆ ನೋಡದೆ, "ಅಮ್ಮೋರು ಬಚ್ಲಲ್ಲಿ ಜಾರ್ಬುಟ್ರಂತೆ, ಆಸ್ಪತ್ರೆಗ್ ಓಗವ್ರೆ" ಎಂದ. ಬಾಗಿಲ ಮೂಲೆಯಲ್ಲಿ ಗುಡಿಸಿ ಒಟ್ಟಿದ ಕಸದಲ್ಲಿ ಅವರೆಕಾಳು, ಹಸಿರು ಗಾರೆಯ ಹೆಂಟೆಗಳು, ಚಿನ್ನದ ಮೊನೆಗಳು. ಕೆಲವು ಕಾಳಿಗೆ ರಕ್ತ ಮೆತ್ತಿತ್ತು.

ನೀವೇ ಹೇಳಿ. ಹೆಂಡತಿಯ ತಲೆ ಒಡೆದಿದೆ. ಇತ್ತ ಆಸ್ಪತ್ರೆಗೆ ಕಳಿಸಿ ಅತ್ತ ಮೇಸ್ತ್ರಿಗೆ ಹೇಳಿ ಕಳಿಸಿದ್ದಾರೆ! ಆಸ್ಪತ್ರೆಯಲ್ಲೂ ಅದೇ ಕತೆ. ಡಾಕ್ಟರ ಕೋಣೆಯಲ್ಲಿ ಮನೆ ಕಟ್ಟಿಸುತ್ತಿದ್ದ ಒಬ್ಬರು ಕೂತಿದ್ದರಂತೆ, ನಾಳೆ ಸಿಮೆಂಟಿಗೆ ಬರುವವರು; ಅವರ ಮುಂದೆ ಭಾವ ಬಚ್ಚಲಿನ ಕತೆಯನ್ನೇ ಹೇಳಿದರಂತೆ. ನಾನು ಓಡಿದೆ. ಅಕ್ಕನ ತಲೆಗೆ ಹೊಲಿಗೆ ಹಾಕಿದ್ದರು, ಬಲ ಭುಜದ ಮೂಳೆ ಮುರಿದಿತ್ತು. ಅವಳು ನನ್ನನ್ನು ನೋಡಿ ಮೊದಲು ಹೇಳಿದ ಮಾತು, "ಬಚ್ಲಲ್ಲಿ ಜಾರ್ಬುಟ್ಟೆ ಕಣೆ ಮಂಗಳಾ."

"ನನ್ನತ್ರನೂನಾ ಅಕ್ಕ?" ಎಂದೆ.

ಅವಳು ಗೋಡೆಯ ಕಡೆ ತಿರುಗಿಕೊಂಡಳು. "ಅಂಗಡಿ ಎಸ್ರು ಕೆಡ್ತದೆ. ಸೌಮ್ಯನ್ ಮದ್ವೆ ಬೇರೆ" ಎಂದಳು. ಅವತ್ತು ನನಗೆ ಭಾವನಿಗಿಂತ ಅಕ್ಕನ ಮೇಲೇ ಹೆಚ್ಚು ಸಿಟ್ಟು ಬಂತು. ಗಾಯ ಅವಳದು, ಸುಳ್ಳೂ ಅವಳೇ ಹೊರಬೇಕೆ?

ಅಕ್ಕ ಮನೆಗೆ ಬಂದ ಮೇಲೆ ನೋಡಲು ಬರುವವರ ಸಾಲು ಶುರುವಾಯಿತು. ಎಳನೀರು, ಬ್ರೆಡ್ಡು, ನಂಜನಗೂಡು ರಸಬಾಳೆ. ಎಲ್ಲರೂ ಅಕ್ಕನಿಗೆ ಬುದ್ಧಿ ಹೇಳಿದರು. ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿದುಕೊಳ್ಳಬೇಕು. ಸೀಗೆಪುಡಿ ಜಾರುತ್ತದೆ, ಬಿಡಬೇಕು. ಒಬ್ಬರು ನಾರಿನ ಮ್ಯಾಟು ತಂದುಕೊಟ್ಟರು, ಬಚ್ಚಲಿಗೆ ಹಾಕಿಕೊಳ್ಳಿ ಅಂತ. ಎಲ್ಲರೂ ಇದನ್ನೆಲ್ಲ ಹೇಳಿದ್ದು ಥರ್ಮಾಕೋಲಿನ ಕೆಳಗೆ ಕೂತುಕೊಂಡೇ. ನಾನು ಬಂದವರಿಗೆಲ್ಲ ಕುರ್ಚಿಯನ್ನು ಗೋಡೆ ಪಕ್ಕ ಹಾಕಿದೆ. ಭಾವ ಅದನ್ನು ಮತ್ತೆ ನಡುವಿಗೆ ಎಳೆದರು.

ತಗಡೂರಿನ ಬೀಗರೂ ಬಂದರು, ಗಂಡ ಹೆಂಡತಿ ಇಬ್ಬರೇ. ಬೀಗಿತಿ ಅಕ್ಕನ ಪಕ್ಕ ಕೂತು ಕೈ ಸವರಿ, "ಬಚ್ಲಿಗೆ ಒರಟು ಕಲ್ಲಾಕ್ಸಿ ಬೀಗ್ರೆ" ಎಂದು ಭಾವನಿಗೆ ಹೇಳಿದರು. ಭಾವ ಅಷ್ಟಕ್ಕೆ ಹೂಂ ಎಂದು ಸುಮ್ಮನಿದ್ದರೆ ಬಹುಶಃ ಆ ಸೂರು ಇವತ್ತಿಗೂ ಇರುತ್ತಿತ್ತು. ಅವರು ಸುಮ್ಮನಿರಲಿಲ್ಲ.

"ನಾ ಬಡ್ಕಂಡೆ ಬೀಗ್ರೆ, ಸೋಪ್ ನೀರ ತೊಳ್ದ್ ಬುಡು ಅಂತ. ಕೇಳ್ಬೇಕಲ್ಲ? ಇವ್ಳ ಗ್ಯಾನ ಎಲ್ಲಿರ್ತದೋ. ಎಂಗುಸ್ರಿಗೆ ಕಾಲಡಿ ನೋಡ್ಕಂಡ್ ನಡಿಯೋ ಅಭ್ಯಾಸಾನೇ ಇಲ್ಲ."

ನನ್ನ ಕೈಯಲ್ಲಿ ಕಾಫಿ ತಟ್ಟೆ ಇತ್ತು. ತಟ್ಟೆಯನ್ನು ಕೆಳಗಿಟ್ಟು ಬಾಯಿ ತೆರೆಯಬೇಕು, ಅಷ್ಟರಲ್ಲಿ ಅಕ್ಕ ಮಾತಾಡಿದಳು. ದನಿ ಏರಿರಲಿಲ್ಲ.

"ಕಾಲಡಿ ಏನೂ ಇರ್ನಿಲ್ಲ. ತಲೆ ಮ್ಯಾಲಿತ್ತು."

"ಏನವ್ವ?" ಎಂದರು ಬೀಗಿತಿ.

"ನಾ ಬಚ್ಲಲ್ಲಿ ಬೀಳ್ನಿಲ್ಲ. ಇಲ್ಲೇ, ನೀವ್ ಕುಂತಿರೋ ಜಾಗದಲ್ಲಿ ಅವರೆಕಾಯಿ ಸುಲೀತಾ ಕುಂತಿದ್ದೆ. ಸೂರ್ ಬಿತ್ತು."

ಬೀಗಿತಿ ಎದ್ದು ನಿಂತರು. ಭಾವ ನಕ್ಕರು. "ಗಾಯದ್ ಜ್ವರ ಬೀಗ್ರೆ. ರಾತ್ರಿಯಿಂದ ಏನೇನೋ ಮಾತಾಡ್ತಾವಳೆ."

ಅಕ್ಕನಿಗೆ ಜ್ವರವಿರಲಿಲ್ಲ. ಅವಳು ಗಂಡನ ಮುಖವನ್ನೇ ನೋಡುತ್ತ ನಿಧಾನವಾಗಿ ಎದ್ದಳು. ಬಾಗಿಲ ಹಿಂದೆ ಜೇಡರ ಬಲೆ ತೆಗೆಯುವ ಗಳ ಇತ್ತು, ಅದನ್ನು ಎಡಗೈಯಲ್ಲಿ ಎಳೆದಳು. ಎತ್ತಲು ಆಗಲಿಲ್ಲ. "ಇಡಕೊ ಮಂಗಳಾ" ಎಂದಳು. ಹಿಡಿದುಕೊಂಡೆ. ಹಬ್ಬ ಹಬ್ಬಕ್ಕೂ ಅವಳು ಹತ್ತಿದ ಸ್ಟೂಲು ಹಿಡಿದವಳಿಗೆ ಇದೇನು ಹೊಸದೆ? ಬೀಗರಿಬ್ಬರನ್ನೂ ಜಗಲಿಗೆ ಹೋಗಿ ಎಂದೆ. "ಏಯ್, ಬುಡ್ರೇ!" ಎಂದು ಭಾವ ಮುಂದೆ ಬಂದರು. ನಾವು ಬಿಡಲಿಲ್ಲ. ಇಬ್ಬರೂ ಸೇರಿ ಗಳವನ್ನು ಮೇಲಕ್ಕೆ ಒಮ್ಮೆ ತಿವಿದೆವು. ಥರ್ಮಾಕೋಲ್ ಕರಕ್ಕೆಂದು ತೂತಾಯಿತು. ಇನ್ನೊಮ್ಮೆ ತಿವಿದೆವು. ಅದರ ಮೇಲೆ ಎಷ್ಟು ದಿನದಿಂದ ಕಳಚಿ ಕೂತಿತ್ತೋ, ಗಾರೆಯ ಚಕ್ಕೆಗಳೆಲ್ಲ ಧಡಧಡನೆ ಸುರಿದವು, ಹಾಸಿದ್ದ ಜಮಖಾನದ ಮೇಲೆ, ಕುರ್ಚಿಗಳ ಮೇಲೆ, ಕಾಫಿ ತಟ್ಟೆಯ ಮೇಲೆ. ಹಿಂದಕ್ಕೆ ಹಾರಿ ಗೋಡೆಗೆ ಒರಗಿ ನಿಂತೆವು. ಧೂಳು ಇಳಿದ ಮೇಲೆ ನೋಡಿದರೆ ಮೇಲೆ ತುಕ್ಕು ಹಿಡಿದ ಕಂಬಿಗಳು ಕಾಣುತ್ತಿದ್ದವು, ಬಡಕಲು ಎತ್ತಿನ ಪಕ್ಕೆಲುಬಿನ ಹಾಗೆ.

ಭಾವನ ತಲೆ, ಮೀಸೆ, ಹಣೆಯ ವಿಭೂತಿ ಎಲ್ಲ ಒಂದೇ ಬಣ್ಣವಾಗಿತ್ತು. "ಮಗಳ್ ಮದ್ವೆ ಆಳ್ ಮಾಡ್ಬುಟ್ಯಲ್ಲೇ" ಎಂದರು.

"ನಂಗ್ ಜ್ವರ ಇಲ್ಲ" ಎಂದಳು ಅಕ್ಕ. ಅಷ್ಟೇ ಹೇಳಿದ್ದು.

ಆಗ ನಮ್ಮವರು ಅಂಗಡಿಯಿಂದ ಊಟಕ್ಕೆ ಬಂದರು. ಬಾಗಿಲಲ್ಲಿ ನಿಂತು ಅಣ್ಣನನ್ನು ನೋಡಿದರು, ಅತ್ತಿಗೆಯನ್ನು ನೋಡಿದರು, ಗಳ ಹಿಡಿದ ನನ್ನನ್ನು ನೋಡಿದರು. ಇನ್ನೇನು "ಅಣ್ಣುನ್ಗೆ ಗೊತ್ತಿಲ್ವಾ" ಎನ್ನುತ್ತಾರೆ ಎಂದುಕೊಂಡು, ನಾನು ಗಳವನ್ನು ಇನ್ನೂ ಗಟ್ಟಿಯಾಗಿ ಹಿಡಿದೆ. ಅವರು ಹಿತ್ತಲಿಗೆ ಹೋಗಿ ಏಣಿ ತಂದರು. ಪಂಚೆ ಎತ್ತಿ ಕಟ್ಟಿ, ಏಣಿ ಹತ್ತಿ ಉಳಿದ ಥರ್ಮಾಕೋಲನ್ನು ಒಂದೊಂದಾಗಿ ಕಿತ್ತು ಅಣ್ಣನ ಮುಂದೆಯೇ ಕೆಳಗೆ ಹಾಕಿದರು. ಮದುವೆಯಾದ ಮೇಲೆ ನನಗೆ ಅವರ ಮೇಲೆ ಅಷ್ಟು ಪ್ರೀತಿ ಬಂದದ್ದು ಅದೇ ಮೊದಲು. ಆದರೂ ಸಿಟ್ಟು ಪೂರ್ತಿ ಹೋಗಲಿಲ್ಲ. ಏಣಿ ಮೊದಲಿನಿಂದಲೂ ಹಿತ್ತಲಲ್ಲೇ ಇತ್ತಲ್ಲ?

ಬೀಗರು ಕಾಫಿಯನ್ನೂ ಕುಡಿಯದೆ ಹೋದರು. ಸೌಮ್ಯ ಅತ್ತಳು, ಭಾವ ಅಂಗಡಿಯಲ್ಲೇ ಊಟ ತರಿಸಿಕೊಂಡರು. ಸಂಬಂಧ ಮುರಿಯಿತೆಂದೇ ನಾವೆಲ್ಲ ತಿಳಿದೆವು. ಒಂದು ದಿನ ಬೀಗಿತಿ ಒಬ್ಬರೇ ಬಂದರು. ಹಾಲು ದಾಟುವಾಗ ತಲೆಯ ಮೇಲೆ ಸೆರಗು ಎಳೆದುಕೊಂಡು ಬೇಗ ಬೇಗ ಹೆಜ್ಜೆ ಹಾಕಿ ಅಡುಗೆಮನೆಗೆ ಬಂದು, "ಎಲ್ಲಿ, ಗಾಯ ತೋರ್ಸವ್ವ" ಎಂದರು. ಅಕ್ಕನ ಕೂದಲನ್ನು ಬಿಡಿಸಿ ಹೊಲಿಗೆ ಹಾಕಿದ ಜಾಗವನ್ನು ನೋಡಿದರು. ಮೆಲ್ಲಗೆ ಬೆರಳಾಡಿಸಿದರು. ಆಮೇಲೆ ಹೇಳಿದರು: "ಮದ್ವೆ ತಗಡೂರಲ್ಲೇ ಮಾಡ್ಕಂಬುಡವಾ. ಈ ಮನೇಲಿ ಯಾವ್ ಶಾಸ್ತ್ರಾನೂ ಬ್ಯಾಡ, ಜನ ಉಳೀಬೇಕು." ಅಕ್ಕ ನಕ್ಕಳು, ಬಿದ್ದ ಮೇಲೆ ಮೊದಲ ಸಲ. ನಗುವಾಗ ಭುಜ ನೋವಾಗಿ ಮುಖ ಕಿವುಚಿದಳು.

ಕೆಂಪಣ್ಣ ಮತ್ತೆ ಬಂದ. ಮೇಲೆ ನೋಡಿ, "ಪಿ.ಓ.ಪಿ. ಮಾಡ್ಬುಡನಾ ಸಾವ್ಕಾರ್ರೆ, ಉವ್ವಿನ್ ಡಿಸೈನು. ಎಲ್ಲಾ ಮುಚ್ಚೋಯ್ತದೆ" ಎಂದ. ಭಾವ ಏನಾದರೂ ಹೇಳುವ ಮೊದಲೇ ನಾನು, "ಮುಚ್ಚೋ ಮಾತು ಇನ್ನೊಂದ್ಸತಿ ಆಡಿದ್ರೆ ಈ ಮನೆ ಮೆಟ್ಲು ಹತ್ಬೇಡಿ ಮೇಸ್ತ್ರಿ" ಎಂದೆ. ಬಸ್ಸಿನಲ್ಲಿ ತಯಾರು ಮಾಡಿದ ಮಾತಲ್ಲ, ತಾನಾಗಿಯೇ ಬಂತು. ಅವನು ಭಾವನ ಮುಖ ನೋಡಿದ. ಭಾವ ಕಿಟಕಿಯ ಆಚೆ ನೋಡುತ್ತಿದ್ದರು.

"ಆಯ್ತದೆ ಮೇಡಂ" ಎಂದ ಕೆಂಪಣ್ಣ.

ಸಾರವೆ ಕಟ್ಟಿ ಉಳಿ ಸುತ್ತಿಗೆ ಹಿಡಿದು ಇಡೀ ಸೂರು ಕೆತ್ತಿದರು. ಮಹಡಿಯ ಬಚ್ಚಲು ಒಡೆದರು. ಕಂಬಿ ತಿಕ್ಕಿ, ಹೊಸ ಕಂಬಿ ಸೇರಿಸಿ, ನುಣ್ಣಗೆ ಗಾರೆ ಎಳೆದರು. ಧೂಳು ಉಪ್ಪಿನಕಾಯಿ ಜಾಡಿಯೊಳಗೂ ಹೋಯಿತು. ಅಷ್ಟು ಧೂಳಿನಲ್ಲೂ ಅಕ್ಕ ದಿನಾ ಅಡುಗೆಮನೆ ಬಾಗಿಲಿಗೆ ಕುರ್ಚಿ ಹಾಕಿಕೊಂಡು, ಒಂದೊಂದು ಚಕ್ಕೆ ಬೀಳುವುದನ್ನೂ ಸೀರಿಯಲ್ ನೋಡಿದ ಹಾಗೆ ಕೂತು ನೋಡಿದಳು. ನನಗೆ ರಜೆ ಹಾಕಿ ಅವಳ ಪಕ್ಕ ಕೂರಬೇಕು ಅನ್ನಿಸುತ್ತಿತ್ತು. ಒಂದು ದಿನ ಹಾಕಿಯೂ ಬಿಟ್ಟೆ.

ಇಲ್ಲಿಗೆ ಮುಗಿದಿದ್ದರೆ ನನ್ನ ಸಿಟ್ಟೂ ಮುಗಿಯುತ್ತಿತ್ತೋ ಏನೋ. ಅಕ್ಕನ ಬಲಗೈ ಸರಿಹೋಗಲಿಲ್ಲ. ಭುಜದಿಂದ ಮೇಲಕ್ಕೆ ಎತ್ತಲು ಬರುವುದಿಲ್ಲ. ತುರುಬು ಕಟ್ಟಿಕೊಳ್ಳಲು ಆಗುವುದಿಲ್ಲ, ಬೆಳಿಗ್ಗೆ ಬಸ್ಸಿಗೆ ಹೋಗುವ ಮೊದಲು ನಾನೇ ತಲೆ ಬಾಚುತ್ತೇನೆ. ಗಾಯದ ಜಾಗದಲ್ಲಿ ಕೂದಲು ಹುಟ್ಟಿಲ್ಲ. ಅದನ್ನು ಮರೆಯಾಗಿಸಿ ಬಾಚಲು ನೋಡಿದರೆ, "ಬುಡು, ಅಂಗೇ ಇರ್ಲಿ" ಎನ್ನುತ್ತಾಳೆ. ಭಾವ ಅವಳಿಗೆ ತಪ್ಪಾಯಿತು ಎಂದು ಒಂದು ಮಾತು ಹೇಳಿದ್ದನ್ನು ನಾನು ಕೇಳಿಲ್ಲ. ನಾನಿಲ್ಲದಾಗ ಹೇಳಿದ್ರಾ ಎಂದು ಒಮ್ಮೆ ಕೇಳಿದೆ. ಅಕ್ಕ ಬಾಚಣಿಗೆ ತೆಗೆದುಕೊಟ್ಟಳು.

ಒಂದು ವರ್ಷ ಕಳೆದಿರಬಹುದು. ಭಾನುವಾರ. ಭಾವ ಬಹಳ ದಿನದ ಮೇಲೆ ಗಿರಾಕಿಯೊಬ್ಬರನ್ನು ಮನೆಗೆ ಕರೆತಂದರು. ನಾನು ಅಡುಗೆಮನೆಯಲ್ಲಿದ್ದೆ. ಹಾಲಿನಲ್ಲಿ ಆಡುವ ಮಾತು ಕೇಳುತ್ತಿತ್ತು.

"ಇಲ್ಲೇನೋ ಮೊನೆ ಮೊನೆ ಡಿಸೈನಿತ್ತಂತಲ್ಲ ಸಾ? ನಮ್ ಭಾಮೈದ ಏಳ್ತಿದ್ದ. ಯಾಕ್ ತೆಗ್ಸಿದ್ರಿ?"

"ಅಯ್ಯೋ, ಅದೆಲ್ಲ ಅಳೇ ಕಾಲ" ಎಂದರು ಭಾವ. "ಈಗ ಪ್ಲೇನೇ ಫ್ಯಾಷನ್ನು. ನಂಜನಗೂಡಲ್ಲಿ ಮೊದ್ಲು ಮಾಡ್ಸಿದ್ದೇ ನಾನು."

ನಾನು ಸೌಟು ಹಿಡಿದು ಹಾಲಿಗೆ ನುಗ್ಗುವುದರಲ್ಲಿದ್ದೆ. ಅಕ್ಕ ನನ್ನನ್ನು ತಡೆದಳು. ಕಾಫಿ ಲೋಟವನ್ನು ಎಡಗೈಯಲ್ಲಿ ತೆಗೆದುಕೊಂಡು ಹೊರಗೆ ಹೋದಳು. ಗಿರಾಕಿಯ ಕೈಗೆ ಕೊಟ್ಟಳು. ಒಳಗೆ ಬರಲಿಲ್ಲ, ಅಲ್ಲೇ ನಿಂತಳು.

"ನನ್ ಮ್ಯಾಲ್ ಬಿತ್ತು" ಎಂದಳು. "ಅದುಕ್ಕೇ ತೆಗ್ಸಿದ್ದು."

ಗಿರಾಕಿ ಲೋಟವನ್ನು ಬಾಯಿಯ ಹತ್ತಿರ ಹಿಡಿದು ಹಾಗೇ ಕೂತ. ಭಾವ ಕೆಮ್ಮಿದರು. ಅಕ್ಕ, "ಸಕ್ರೆ ಸಾಕಾ ನೋಡಿ" ಎಂದು ಗಿರಾಕಿಯನ್ನು ಕೇಳಿ, ಸಾಕು ಎಂದ ಮೇಲೆ ಒಳಗೆ ಬಂದಳು.

ಆಮೇಲೂ ಭಾವ ಎರಡು ಮೂರು ಸಲ ಗಿರಾಕಿಗಳನ್ನು ಕರೆತಂದು ನೋಡಿದರು. ಪ್ರತಿ ಸಲವೂ ಅಕ್ಕ ಕಾಫಿ ಕೊಟ್ಟು, ಅದೇ ಮಾತು ಹೇಳಿ, ಸಕ್ಕರೆ ವಿಚಾರಿಸಿ ಬಂದಳು. ಈಗ ಅವರು ಗಿರಾಕಿಗಳಿಗೆ ಅಂಗಡಿಯಲ್ಲೇ ಕಾಫಿ ತರಿಸುತ್ತಾರೆ.